ಓದುಗರ ಪ್ರಶ್ನೆ, ನಮ್ಮ ಉತ್ತರ: ಬಾಲ್ಟಿಮೋರ್ ಹುಡುಗರ ಮೇಲೆ ಇನ್ನೂ ಆಸೆ ಇಟ್ಟುಕೊಳ್ಳಬಹುದೇ?

ಬೇಸ್‌ಬಾಲ್ ಬಗ್ಗೆ ಪ್ರಶ್ನೆ ಕಳಿಸಿ ಎಂದಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಬಾಲ್ಟಿಮೋರ್ ಓರಿಯೋಲ್ಸ್ ತಂಡದ ಮೇಲೆಯೇ. ಮೇರಿಲ್ಯಾಂಡ್, ವರ್ಜೀನಿಯಾ ಕಡೆ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಮಕ್ಕಳು ಬೆಳೆದದ್ದೇ ಈ ತಂಡ ನೋಡಿಕೊಂಡು, ಹಾಗಾಗಿ ಅದರಲ್ಲಿ ಆಶ್ಚರ್ಯವಿಲ್ಲ. 2026ರ ಸೀಸನ್ ಮಾರ್ಚ್ ಕೊನೆಗೆ ಶುರುವಾಗುತ್ತದೆ. ಅದಕ್ಕೆ ಮುಂಚೆ ಆಯ್ದ ಕೆಲವು ಪತ್ರಗಳಿಗೆ ಉತ್ತರ ಇಲ್ಲಿದೆ.

2023ರಲ್ಲಿ 101 ಪಂದ್ಯ ಗೆದ್ದ ತಂಡ 2025ರಲ್ಲಿ 75ಕ್ಕೆ ಇಳಿಯಿತು. ಆಡುವ ಹುಡುಗರು ಹೆಚ್ಚುಕಡಿಮೆ ಅವರೇ. ಹಾಗಾದರೆ ಕೆಟ್ಟದ್ದು ಎಲ್ಲಿ? ಆಸೆ ಇಟ್ಟುಕೊಂಡಿದ್ದೇ ನಮ್ಮ ತಪ್ಪೇ?
— ಓದುಗರು, ಎಲಿಕಾಟ್ ಸಿಟಿ, ಮೇರಿಲ್ಯಾಂಡ್

ಆಸೆ ತಪ್ಪಲ್ಲ. ಆಸೆಗೆ ಆಧಾರವೂ ಇತ್ತು. ಕೆಟ್ಟದ್ದು ಪಿಚಿಂಗ್, ಅಂದರೆ ಬ್ಯಾಟ್ಸ್‌ಮನ್‌ಗೆ ಚೆಂಡು ಎಸೆಯುವ ಕೆಲಸ, ಮತ್ತು ಅದು ಒಂದೇ ವರ್ಷದಲ್ಲಿ ಕೆಟ್ಟದ್ದಲ್ಲ.

ಸ್ವಲ್ಪ ಹಿಂದಿನಿಂದ ಹೇಳಬೇಕು. 2018ರಲ್ಲಿ ತಂಡ 47 ಗೆದ್ದು 115 ಸೋತಿತು. ಆ ನವೆಂಬರ್‌ನಲ್ಲಿ ಹ್ಯೂಸ್ಟನ್‌ನಿಂದ ಮೈಕ್ ಎಲಾಯಸ್ ಜನರಲ್ ಮ್ಯಾನೇಜರ್ ಆಗಿ ಬಂದರು. ಸೋತ ತಂಡಕ್ಕೆ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಎಳೆಯ ಆಟಗಾರರನ್ನು ಆರಿಸಿಕೊಳ್ಳುವಾಗ, ಮೊದಲು ಆರಿಸುವ ಅವಕಾಶ ಸಿಗುತ್ತಿದ್ದ ಕಾಲ ಅದು. 2019ರಲ್ಲಿ ಮೊದಲನೆಯವನಾಗಿ ಆಡ್ಲಿ ರಶ್‌ಮನ್, ಎರಡನೇ ಸುತ್ತಿನಲ್ಲಿ ಗನ್ನರ್ ಹೆಂಡರ್ಸನ್, 2020ರಲ್ಲಿ ಜಾರ್ಡನ್ ವೆಸ್ಟ್‌ಬರ್ಗ್, 2021ರಲ್ಲಿ ಕೋಲ್ಟನ್ ಕೌಸರ್, 2022ರಲ್ಲಿ ಮತ್ತೆ ಮೊದಲನೆಯವನಾಗಿ ಜಾಕ್ಸನ್ ಹಾಲಿಡೇ. ಎಲ್ಲರೂ ಬ್ಯಾಟ್ ಹಿಡಿಯುವವರೇ ಎಂಬುದನ್ನು ಗಮನಿಸಿ. 2019ರಿಂದ 2025ರವರೆಗೆ ಮೊದಲ ಸುತ್ತಿನಲ್ಲಿ ಈ ತಂಡ ಒಬ್ಬ ಪಿಚರ್‌ನನ್ನೂ ಆರಿಸಿಲ್ಲ. ಹದಿನೆಂಟು, ಇಪ್ಪತ್ತು ವಯಸ್ಸಿನ ಪಿಚರ್‌ನ ಮೊಣಕೈ ಯಾವಾಗ ಕೈಕೊಡುತ್ತದೋ ಹೇಳಲಾಗದು, ಬ್ಯಾಟ್ಸ್‌ಮನ್ ಮೇಲೆ ಹಾಕಿದ ಬಂಡವಾಳ ಅದಕ್ಕಿಂತ ಭದ್ರ ಎನ್ನುವುದು ಇದರ ಹಿಂದಿನ ಲೆಕ್ಕ. ಲೆಕ್ಕ ಸರಿಯಾದದ್ದೇ. ಆದರೆ ಅದಕ್ಕೆ ಎರಡನೇ ಅರ್ಧವೊಂದಿದೆ: ಬೆಳೆಸದ ಪಿಚರ್‌ಗಳನ್ನು ದುಡ್ಡು ಕೊಟ್ಟೋ ಹುಡುಗರನ್ನು ಕೊಟ್ಟೋ ಹೊರಗಿನಿಂದ ತರಲೇಬೇಕು. ಆ ಅರ್ಧವನ್ನು ತಂಡ ಅರೆಮನಸ್ಸಿನಿಂದ ಮಾಡಿತು.

2024ರ ಫೆಬ್ರವರಿಯಲ್ಲಿ ಮಿಲ್ವಾಕಿಯಿಂದ ಕಾರ್ಬಿನ್ ಬರ್ನ್ಸ್ ಬಂದರು. ಆ ವರ್ಷ 15 ಗೆಲುವು, 2.92 ಇಆರ್‌ಎ, ಅಂದರೆ ಒಂಬತ್ತು ಇನಿಂಗ್ಸಿಗೆ ಅವರ ಲೆಕ್ಕಕ್ಕೆ ಬಿದ್ದದ್ದು ಸರಾಸರಿ ಮೂರಕ್ಕಿಂತ ಕಡಿಮೆ ರನ್. ಆದರೆ ಅವರ ಕರಾರಿನಲ್ಲಿ ಉಳಿದಿದ್ದದ್ದು ಅದೊಂದೇ ವರ್ಷ. ಎರವಲು ಎತ್ತು ಕಟ್ಟಿ ಒಂದು ಹಂಗಾಮು ಉತ್ತ ಹಾಗಾಯಿತು. ಸೀಸನ್ ಮುಗಿದ ಮೇಲೆ ಅವರು 6 ವರ್ಷಕ್ಕೆ 21 ಕೋಟಿ ಡಾಲರ್‌ಗೆ ಅರಿಜೋನಾ ಸೇರಿದರು. ಅವರ ಜಾಗಕ್ಕೆ ಬಂದದ್ದು ಒಂದೊಂದು ವರ್ಷದ ಕರಾರಿನ ಮೇಲೆ 41 ವರ್ಷದ ಚಾರ್ಲಿ ಮಾರ್ಟನ್, 35 ವರ್ಷದ ತೊಮೊಯುಕಿ ಸುಗಾನೊ.

ಇದರ ಮೇಲೆ ಗಾಯಗಳು. 2023ರಲ್ಲಿ 2.83 ಇಆರ್‌ಎ ಇದ್ದ ಕೈಲ್ ಬ್ರಾಡಿಶ್ 2024ರ ಜೂನ್‌ನಲ್ಲಿ ಟಾಮಿ ಜಾನ್ ಶಸ್ತ್ರಚಿಕಿತ್ಸೆಗೆ ಹೋದರು. ಮೊಣಕೈ ಒಳಬದಿಯಲ್ಲಿ ಎರಡು ಮೂಳೆ ಹಿಡಿದಿಡುವ ತಂತು ಹರಿದರೆ, ದೇಹದ ಬೇರೆ ಕಡೆಯ ಸ್ನಾಯುರಜ್ಜು ತೆಗೆದು ಆ ಜಾಗದಲ್ಲಿ ಕೂಡಿಸುತ್ತಾರೆ. ಮತ್ತೆ ಪಂದ್ಯಕ್ಕೆ ಬರಲು 12ರಿಂದ 18 ತಿಂಗಳು ಬೇಕು. ಅದೇ ವರ್ಷ ಜಾನ್ ಮೀನ್ಸ್, ಟೈಲರ್ ವೆಲ್ಸ್ ಕೂಡ ಮೊಣಕೈ ಶಸ್ತ್ರಚಿಕಿತ್ಸೆಗೆ ಹೋದರು. ಕೊನೆಯ ಇನಿಂಗ್ಸ್ ಕಾಯುತ್ತಿದ್ದ ಫೆಲಿಕ್ಸ್ ಬೌಟಿಸ್ಟಾ ಇಡೀ 2024 ಆಡಲಿಲ್ಲ. ಗ್ರೇಸನ್ ರೊಡ್ರಿಗಸ್ 2025ರಲ್ಲಿ ಮೇಜರ್ ಲೀಗಿನಲ್ಲಿ ಒಂದು ಚೆಂಡನ್ನೂ ಎಸೆಯಲಿಲ್ಲ.

ಆ ವರ್ಷ ಏಪ್ರಿಲ್ 20ರಂದು ಸ್ವಂತ ಅಂಗಳದಲ್ಲೇ ಸಿನ್ಸಿನಾಟಿ ಎದುರು 24–2ರಿಂದ ಸೋತರು. ಮೇ ತಿಂಗಳಲ್ಲಿ ಮೈದಾನದಲ್ಲಿ ತಂಡ ನಡೆಸುವ ಮ್ಯಾನೇಜರ್ ಬ್ರ್ಯಾಂಡನ್ ಹೈಡ್ ಅವರನ್ನು ತೆಗೆದಾಗ ದಾಖಲೆ 15–28. ಉಳಿದ ಪಂದ್ಯಗಳಲ್ಲಿ, ಹಂಗಾಮಿ ಮ್ಯಾನೇಜರ್ ಟೋನಿ ಮಾನ್ಸೊಲಿನೊ ಕೈಯಲ್ಲಿ, ತಂಡ 60 ಗೆದ್ದು 59 ಸೋತಿತು. ಅದೂ ಜುಲೈ ಕೊನೆಯಲ್ಲಿ ಸೆಡ್ರಿಕ್ ಮಲಿನ್ಸ್, ರಯಾನ್ ಓಹರ್ನ್, ರಮೋನ್ ಲೌರಿಯಾನೊ ಅವರನ್ನೆಲ್ಲ ಬೇರೆ ತಂಡಗಳಿಗೆ ಬಿಟ್ಟುಕೊಟ್ಟ ಮೇಲೆ. 75 ಎಂಬ ಅಂಕಿಯ ಹಿಂದೆ ಹೀಗೆ ಎರಡು ಬೇರೆ ಬೇರೆ ತಂಡಗಳಿವೆ.

ಗೆಲುವು ಸೋಲು ಬಿಟ್ಟು, ತಂಡ ನಿಜವಾಗಿ ಎಷ್ಟು ಒಳ್ಳೆಯದು ಎಂದು ನಾವೇ ಲೆಕ್ಕ ಹಾಕುವುದು ಹೇಗೆ?
— ಓದುಗರು, ಮೈಸೂರು

ಕ್ಯಾಲ್ಕುಲೇಟರ್ ಇದ್ದರೆ ಎರಡು ನಿಮಿಷದ ಕೆಲಸ. ತಂಡ ಗಳಿಸಿದ ರನ್ನಿನ ವರ್ಗ ತೆಗೆಯಿರಿ. ಬಿಟ್ಟುಕೊಟ್ಟ ರನ್ನಿನ ವರ್ಗ ತೆಗೆಯಿರಿ. ಮೊದಲನೆಯದನ್ನು ಎರಡರ ಮೊತ್ತದಿಂದ ಭಾಗಿಸಿ, ಸೀಸನ್ನಿನ ಒಟ್ಟು ಪಂದ್ಯಗಳಾದ 162ರಿಂದ ಗುಣಿಸಿ. 2023ರಲ್ಲಿ ಓರಿಯೋಲ್ಸ್ ಗಳಿಸಿದ್ದು 807, ಕೊಟ್ಟದ್ದು 678. 651249 ಭಾಗಿಸು 1110933, ಬರುವುದು 0.586. ಗುಣಿಸಿದರೆ 95 ಗೆಲುವು. ನಿಜವಾಗಿ ಗೆದ್ದದ್ದು 101. ಆ ಆರು ಎಲ್ಲಿಂದ ಬಂತು? ಒಂದೇ ರನ್ ಅಂತರದ ಪಂದ್ಯಗಳಲ್ಲಿ ಆ ವರ್ಷ 30 ಗೆದ್ದು 16 ಸೋತರು. ಅದರಲ್ಲಿ ಬೌಟಿಸ್ಟಾ ಕೈಚಳಕ ಖಂಡಿತ ಇದೆ, ಅದೃಷ್ಟವೂ ಇದೆ. ಮರುವರ್ಷ ಬೌಟಿಸ್ಟಾ ಇಲ್ಲದೆ 91 ಗೆದ್ದರು. ಅದೇ ಸೂತ್ರಕ್ಕೆ ಆ ವರ್ಷದ 786 ಮತ್ತು 699 ಹಾಕಿದರೆ 90 ಬರುತ್ತದೆ. ಅಂದರೆ 101ರಿಂದ 91ಕ್ಕೆ ಇಳಿದದ್ದು ನಾವು ಕಂಗಾಲಾದಷ್ಟು ದೊಡ್ಡ ಕುಸಿತವಲ್ಲ. ತಂಡದ ಮಟ್ಟ ಇಳಿದದ್ದು ಅದರ ಅರ್ಧದಷ್ಟೇ.

ವರ್ಗದ ಲೆಕ್ಕ ಬೇಡವೆನ್ನುವವರು ರನ್ ವ್ಯತ್ಯಾಸವನ್ನು ಹತ್ತರಿಂದ ಭಾಗಿಸಿ 162ರ ಅರ್ಧವಾದ 81ಕ್ಕೆ ಸೇರಿಸಲಿ. 129ಕ್ಕೆ 13, ಒಟ್ಟು 94. ಹತ್ತಿರ ಹತ್ತಿರ ಅದೇ ಉತ್ತರ. 2025ರಲ್ಲಿ ವ್ಯತ್ಯಾಸ 100ಕ್ಕಿಂತ ಹೆಚ್ಚು ಕೆಳಕ್ಕೆ ಹೋಗಿತ್ತು, ಹಾಗೆ ನೋಡಿದರೆ 75 ಗೆದ್ದದ್ದೇ ಜಾಸ್ತಿ. ಒಂದು ಎಚ್ಚರಿಕೆ: ಈ ಲೆಕ್ಕವನ್ನು ಏಪ್ರಿಲ್‌ನಲ್ಲಿ ಹಾಕಬೇಡಿ. 24–2ರಂಥ ಒಂದು ಪಂದ್ಯ ಇಪ್ಪತ್ತೆರಡು ರನ್ ತಿಂದುಹಾಕುತ್ತದೆ. ಮೇ ಕೊನೆಯವರೆಗಾದರೂ ಕಾಯಿರಿ.

ಜಾಕ್ಸನ್ ಹಾಲಿಡೇ ಬಗ್ಗೆ ಅಷ್ಟು ಕೇಳಿದ್ದೆವು. ಬಂದವನೇ 34ಕ್ಕೆ 2 ಹಿಟ್! ಹುಡುಗನನ್ನು ಬೇಗ ಕರೆದು ಕೆಡಿಸಿದರಾ? ಎಷ್ಟು ದಿನ ನೋಡಿ ತೀರ್ಮಾನಕ್ಕೆ ಬರಬೇಕು?
— ಓದುಗರು, ರಾಕ್‌ವಿಲ್, ಮೇರಿಲ್ಯಾಂಡ್

ದಿನದ ಲೆಕ್ಕ ಬಿಡಿ, ಎಷ್ಟು ಸಲ ಬ್ಯಾಟಿಂಗಿಗೆ ನಿಂತ ಎಂಬುದನ್ನು ನೋಡಿ. ಬೀಸಿ ತಪ್ಪಿದ ಅಥವಾ ಬಿಟ್ಟುಬಿಟ್ಟ ಒಳ್ಳೆ ಚೆಂಡು ಒಂದು ಸ್ಟ್ರೈಕ್, ಮೂರಾದರೆ ಸ್ಟ್ರೈಕ್‌ಔಟ್. ಅದರ ಪ್ರಮಾಣ ಸುಮಾರು 60 ಸರದಿಗೆ ಒಂದು ಹದಕ್ಕೆ ಬರುತ್ತದೆ. ವಾಕ್, ಅಂದರೆ ನಾಲ್ಕು ಕೆಟ್ಟ ಚೆಂಡು ಬಿಟ್ಟು ಮೊದಲ ಬೇಸಿಗೆ ನಡೆಯುವುದು, ಅದರ ಪ್ರಮಾಣಕ್ಕೆ ಇದರ ಎರಡರಷ್ಟು ಬೇಕು. ಬ್ಯಾಟಿಂಗ್ ಸರಾಸರಿಗೆ, ಅಂದರೆ ಹಿಟ್‌ಗಳ (ಹೊಡೆದು ಬೇಸ್ ತಲುಪಿದ ಸಲಗಳ) ಪ್ರಮಾಣಕ್ಕೆ, ಮಾತ್ರ ಇಡೀ ಸೀಸನ್ ಸಾಲದು, ಯಾಕೆಂದರೆ ಚೆನ್ನಾಗಿ ಹೊಡೆದ ಚೆಂಡು ಫೀಲ್ಡರ್ ಕೈಗೇ ಹೋಗುವುದು, ಸರಿಯಾಗಿ ತಾಗದ ಚೆಂಡು ಖಾಲಿ ಜಾಗದಲ್ಲಿ ಬೀಳುವುದು ಬ್ಯಾಟ್ಸ್‌ಮನ್ ಕೈಯಲ್ಲಿಲ್ಲ. ಆದ್ದರಿಂದ 34ಕ್ಕೆ 2 ಎಂಬುದು ಏನನ್ನೂ ಹೇಳುತ್ತಿರಲಿಲ್ಲ. ಹೇಳಿದ್ದು ಅದರೊಳಗಿನ 18 ಸ್ಟ್ರೈಕ್‌ಔಟ್. ಚೆಂಡು ಬ್ಯಾಟಿಗೆ ಸಿಗುತ್ತಲೇ ಇರಲಿಲ್ಲ.

ಅವರು ಆಗ 20ರ ಹುಡುಗ. 2024ರ ಏಪ್ರಿಲ್ 10ಕ್ಕೆ ಬಂದು, ತಿಂಗಳು ಮುಗಿಯುವ ಮುಂಚೆ ಮೇಜರ್ ಲೀಗಿಗಿಂತ ಒಂದು ಮೆಟ್ಟಿಲು ಕೆಳಗಿನ, ನಾರ್ಫೋಕ್‌ನ ಟ್ರಿಪಲ್-ಎ ತಂಡಕ್ಕೆ ವಾಪಸಾದರು. ಜುಲೈ 31ಕ್ಕೆ ಮತ್ತೆ ಬಂದ ದಿನವೇ ಟೊರೊಂಟೊ ಎದುರು ಗ್ರಾಂಡ್ ಸ್ಲಾಮ್, ಅಂದರೆ ಮೂರೂ ಬೇಸ್‌ಗಳಲ್ಲಿ ಓಟಗಾರರಿದ್ದಾಗ ಹೋಂ ರನ್ (ಗೋಡೆ ದಾಟುವ ಹೊಡೆತ). ಆ ವರ್ಷ ಒಟ್ಟಾರೆ ಮೂರು ಸರದಿಗೆ ಒಂದು ಸ್ಟ್ರೈಕ್‌ಔಟ್ ಇತ್ತು. 2025ರಲ್ಲಿ ಅದು ಐದಕ್ಕೊಂದರ ಆಸುಪಾಸಿಗೆ ಇಳಿಯಿತು, ಜೊತೆಗೆ 17 ಹೋಂ ರನ್. 21ನೇ ವಯಸ್ಸಿಗೆ ಇದು ನಿಜವಾದ ಬೆಳವಣಿಗೆ. ಸರಾಸರಿ .242 ನೋಡಿ ಮುಖ ಸಣ್ಣದು ಮಾಡಿಕೊಂಡವರು ಈ ಇಳಿಕೆಯನ್ನೊಮ್ಮೆ ನೋಡಬೇಕು.

ಬೇಗ ಕರೆಯುವುದು, ತಡ ಮಾಡುವುದು ಎಂಬುದರ ಹಿಂದೆ ಆಟದ ಹೊರಗಿನ ಲೆಕ್ಕವೂ ಇರುತ್ತದೆ. ಸೀಸನ್ನಿನಲ್ಲಿ 172 ದಿನ ಮೇಜರ್ ಲೀಗ್ ಪಟ್ಟಿಯಲ್ಲಿದ್ದರೆ ಒಂದು ವರ್ಷದ ಸೇವೆ. ಅಂಥ ಆರು ವರ್ಷ ತುಂಬಿದರೆ ಆಟಗಾರ ಯಾವ ತಂಡಕ್ಕಾದರೂ ಹೋಗಬಹುದು. ಕೆಲವು ವಾರ ತಡವಾಗಿ ಕರೆದರೆ ತಂಡಕ್ಕೆ ಒಂದು ವರ್ಷ ಹೆಚ್ಚು ದಕ್ಕುತ್ತಿತ್ತು. ಈ ಆಟ ನಿಲ್ಲಿಸಲೆಂದೇ ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2022ರ ಒಪ್ಪಂದದಲ್ಲಿ ಎರಡು ನಿಯಮ ತಂದರು. ವರ್ಷದ ಹೊಸ ಆಟಗಾರ ಪ್ರಶಸ್ತಿಯಲ್ಲಿ ಮೊದಲೆರಡು ಸ್ಥಾನ ಪಡೆದವರಿಗೆ ಪೂರ್ತಿ ವರ್ಷದ ಸೇವೆ ಸಿಗುತ್ತದೆ. ರಶ್‌ಮನ್ 2022ರ ಮೇ 21ಕ್ಕೆ ಬಂದರೂ ಎರಡನೇ ಸ್ಥಾನ ಪಡೆದು ಅದನ್ನು ಗಳಿಸಿಕೊಂಡರು. ಎರಡನೇ ನಿಯಮದಿಂದ ತಂಡಕ್ಕೇ ಲಾಭ: ಹೆಸರಾದ ಎಳೆಯನನ್ನು ಸೀಸನ್ ಶುರುವಿನಿಂದಲೇ ಆಡಿಸಿ ಅವನು ಪ್ರಶಸ್ತಿ ಗೆದ್ದರೆ ಡ್ರಾಫ್ಟ್‌ನಲ್ಲಿ ಹೆಚ್ಚುವರಿ ಆಯ್ಕೆ. 2023ರಲ್ಲಿ ಹೆಂಡರ್ಸನ್ ಗೆದ್ದದ್ದರಿಂದ ಓರಿಯೋಲ್ಸ್‌ಗೆ 2024ರಲ್ಲಿ 32ನೇ ಆಯ್ಕೆ ಸಿಕ್ಕಿತು.

ಮಗನ ಮನೆಗೆ ಆರು ತಿಂಗಳಿಗೆಂದು ಬಂದಿದ್ದೇನೆ. ಮೊಮ್ಮಗಳು ಕಿತ್ತಳೆ ಬಣ್ಣದ ಟೋಪಿ ಹಾಕಿಕೊಂಡು ಪೆನ್ಸಿಲ್ ಹಿಡಿದು ಏನೋ ‘6-4-3’ ಎಂದು ಬರೆಯುತ್ತಾಳೆ. ಅದೇನೆಂದು ತಿಳಿಸಿಕೊಟ್ಟರೆ ನಾನೂ ಅವಳ ಜೊತೆ ಕೂರಬಹುದು.
— ಒಬ್ಬ ಅಜ್ಜಿ, ಮೂಲತಃ ಶಿವಮೊಗ್ಗ

ಅಮ್ಮಾ, ಖಂಡಿತ ಕೂತುಕೊಳ್ಳಿ. ಅದು ಸ್ಕೋರ್‌ಕಾರ್ಡ್. ಕಲಿಯಲು ಒಂದು ಪಂದ್ಯ ಸಾಕು.

ಮೈದಾನದಲ್ಲಿರುವ ಒಂಬತ್ತು ಜನಕ್ಕೆ ಅವರ ಜಾಗದ ಮೇಲೆ ಒಂದೊಂದು ಅಂಕಿ. ಚೆಂಡು ಎಸೆಯುವ ಪಿಚರ್ 1, ಅವರೆದುರು ಕೂತು ಹಿಡಿಯುವ ಕ್ಯಾಚರ್ 2. ಮೊದಲ ಬೇಸ್ 3, ಎರಡನೇ ಬೇಸ್ 4, ಮೂರನೇ ಬೇಸ್ 5. ಎರಡು ಮತ್ತು ಮೂರನೇ ಬೇಸ್ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6. ಹಿಂದೆ ದೂರದಲ್ಲಿ ಬ್ಯಾಟ್ಸ್‌ಮನ್ ಕಡೆಯಿಂದ ನೋಡಿದಾಗ ಎಡಕ್ಕೆ 7, ನಡುವೆ 8, ಬಲಕ್ಕೆ 9. ಇದು ಅಂಗಿಯ ಮೇಲಿನ ನಂಬರ್ ಅಲ್ಲ, ಅಲ್ಲೇ ಎಲ್ಲರೂ ಮೊದಲು ಎಡವುವುದು.

ಈಗ 6-4-3 ನೋಡಿ. ಮೊದಲ ಬೇಸಿನಲ್ಲಿ ಎದುರಾಳಿ ಓಟಗಾರ ಒಬ್ಬನಿದ್ದಾನೆ. ಬ್ಯಾಟ್ಸ್‌ಮನ್ ಹೊಡೆದ ಚೆಂಡು ನೆಲಕ್ಕೆ ಬಡಿದು ಹೆಂಡರ್ಸನ್ ಕಡೆ ಬರುತ್ತದೆ, ಅವರು 6. ಅವರು ಎರಡನೇ ಬೇಸಿನ ಹಾಲಿಡೇಗೆ ಎಸೆಯುತ್ತಾರೆ, ಅವರು 4. ಹಾಲಿಡೇ ಬೇಸ್ ಮುಟ್ಟಿದ ಕ್ಷಣ ಮೊದಲ ಬೇಸಿನಿಂದ ಓಡಿಬರುತ್ತಿದ್ದವನು ಔಟ್. ಹಾಲಿಡೇ ಕಾಲು ತಪ್ಪಿಸಿ ತಿರುಗಿ ಮೊದಲ ಬೇಸಿಗೆ, ಅಂದರೆ 3ಕ್ಕೆ, ಎಸೆಯುತ್ತಾರೆ. ಹೊಡೆದವನು ತಲುಪುವ ಮುಂಚೆ ಚೆಂಡು ಅಲ್ಲಿದ್ದರೆ ಅವನೂ ಔಟ್. ಒಂದು ಚೆಂಡಿಗೆ ಎರಡು ಔಟ್, ಎಲ್ಲ ಸೇರಿ ನಾಲ್ಕು ಸೆಕೆಂಡಿನ ಆಸುಪಾಸು.

ಸ್ಟ್ರೈಕ್‌ಔಟ್ ಆದರೆ ಇಂಗ್ಲಿಷಿನ ‘ಕೆ’ ಅಕ್ಷರ. ಬ್ಯಾಟ್ ಬೀಸದೆ ನೋಡುತ್ತಾ ನಿಂತು ಔಟಾದರೆ ಅದೇ ಅಕ್ಷರವನ್ನು ತಿರುವುಮುರುವು ಬರೆಯುತ್ತಾರೆ. ನಾಲ್ಕು ಕೆಟ್ಟ ಚೆಂಡು ಬಿಟ್ಟು ಮೊದಲ ಬೇಸಿಗೆ ನಡೆದರೆ ‘ಬಿಬಿ’. ಪ್ರತಿ ಚೌಕದೊಳಗೆ ವಜ್ರದಾಕಾರ ಇರುತ್ತದಲ್ಲ, ಆಟಗಾರ ಎಷ್ಟು ಬೇಸ್ ದಾಟಿದನೋ ಅಷ್ಟು ಗೆರೆ ದಪ್ಪ ಮಾಡಿ. ಮನೆ ಮುಟ್ಟಿ ರನ್ ಆದರೆ ಒಳಗೆಲ್ಲ ತುಂಬಿ. ರಬ್ಬರ್ ಇರುವ ಪೆನ್ಸಿಲ್ ಇಟ್ಟುಕೊಳ್ಳಿ. ಏಳನೇ ಇನಿಂಗ್ಸ್ ದಾಟಿದ ಮೇಲೆ ಆಟಗಾರರನ್ನು ಬದಲಿಸಲು ಶುರುಮಾಡುತ್ತಾರೆ, ಆಗ ಅಳಿಸಬೇಕಾಗುತ್ತದೆ.

2024ರ ಪ್ಲೇಆಫ್‌ನಲ್ಲಿ ಕೌಸರ್ ಕೈಗೆ ಚೆಂಡು ಬಡಿಯಿತು. ಆದರೂ ಔಟ್ ಕೊಟ್ಟರು. ಇದ್ಯಾವ ನ್ಯಾಯ?
— ಓದುಗರು, ಹುಬ್ಬಳ್ಳಿ

ನಿಯಮದ ಪ್ರಕಾರ ಸರಿ. ಚೆಂಡು ಮೈಗೆ ತಾಗಿದರೆ ಮೊದಲ ಬೇಸ್ ಬಿಟ್ಟಿ ಸಿಗುತ್ತದೆ, ಆದರೆ ಬ್ಯಾಟ್ ಬೀಸಿರಬಾರದು. ಬೀಸಿದರೆ ಅದು ಸ್ಟ್ರೈಕ್, ಚೆಂಡು ಎಲ್ಲಿಗೆ ಬಡಿದರೂ ಸರಿ. ಕ್ಯಾನ್ಸಸ್ ಸಿಟಿ ಎದುರಿನ ಎರಡನೇ ಪಂದ್ಯ, ಐದನೇ ಇನಿಂಗ್ಸ್, ಸ್ಕೋರ್ 1–1, ಮೂರೂ ಬೇಸ್ ತುಂಬಿವೆ. ಒಳಕ್ಕೆ ನುಗ್ಗಿದ ಚೆಂಡಿಗೆ ಕೌಸರ್ ಬೀಸಿದರು, ಅದು ಎಡಗೈಗೆ ಬಡಿದು ಮೂಳೆ ಮುರಿಯಿತು, ಮೂರನೇ ಸ್ಟ್ರೈಕ್ ಆಯಿತು. ಬೀಸದೆ ಇದ್ದಿದ್ದರೆ ಮೂರನೇ ಬೇಸಿನವನು ನಡೆದುಕೊಂಡೇ ಬಂದು 2–1 ಆಗುತ್ತಿತ್ತು. ಆ ಇನಿಂಗ್ಸಿನಲ್ಲಿ ಮತ್ತೆ ರನ್ ಬರಲಿಲ್ಲ, ಪಂದ್ಯ 2–1ರಿಂದ ಹೋಯಿತು. ಮೊದಲ ಪಂದ್ಯದಲ್ಲಿ ಬರ್ನ್ಸ್ ಎಂಟು ಇನಿಂಗ್ಸ್ ಎಸೆದು ಒಂದೇ ರನ್ ಕೊಟ್ಟರೂ 1–0ಗೆ ಸೋತಿದ್ದರು. ಎರಡು ಪಂದ್ಯ, ಹದಿನೆಂಟು ಇನಿಂಗ್ಸ್, ಗಳಿಸಿದ್ದು ಒಂದು ರನ್. 2023ರಲ್ಲಿ ಟೆಕ್ಸಸ್ ಎದುರು ಮೂರಕ್ಕೆ ಮೂರೂ ಸೋತದ್ದು, 2016 ಮತ್ತು 2014ರದ್ದು ಸೇರಿಸಿದರೆ ಪ್ಲೇಆಫ್‌ನಲ್ಲಿ ಸತತ ಹತ್ತು ಸೋಲು. ನಿಮ್ಮ ಹೊಟ್ಟೆಯುರಿ ನ್ಯಾಯವಾದದ್ದೇ, ಅಂಪೈರ್ ಮೇಲೆ ಮಾತ್ರ ಬೇಡ.

ಕೈಲ್ ಸ್ಟವರ್ಸ್‌ನನ್ನು ಮಯಾಮಿಗೆ ಕೊಟ್ಟದ್ದನ್ನು ನಾನು ಕ್ಷಮಿಸಲಾರೆ. ನೀವೇನಂತೀರಿ?
— ಓದುಗರು, ಫ್ರೆಡರಿಕ್, ಮೇರಿಲ್ಯಾಂಡ್

ಸ್ಟವರ್ಸ್ 2025ರಲ್ಲಿ ಆಲ್‌ಸ್ಟಾರ್ ಆದರು, ನೋವು ಸಹಜ. ಆದರೆ ಬದಲಿಗೆ ಬಂದ ಟ್ರೆವರ್ ರಾಜರ್ಸ್‌ರನ್ನೂ ತೂಗಿ. 2024ರಲ್ಲಿ ಬಂದು ನಾಲ್ಕು ಪಂದ್ಯದಲ್ಲಿ ಚಚ್ಚಿಸಿಕೊಂಡು ನಾರ್ಫೋಕ್‌ಗೆ ಹೋದಾಗ ಎಲ್ಲರೂ ವ್ಯಾಪಾರ ಕೆಟ್ಟಿತು ಎಂದರು. 2025ರಲ್ಲಿ ಅದೇ ರಾಜರ್ಸ್ 18 ಪಂದ್ಯ ಆರಂಭಿಸಿ 1.81 ಇಆರ್‌ಎ ಕೊಟ್ಟರು. ತಂಡದಲ್ಲಿ ಬ್ಯಾಟ್ಸ್‌ಮನ್‌ಗಳು ಜಾಗಕ್ಕಿಂತ ಹೆಚ್ಚಿದ್ದರು, ಪಿಚರ್‌ಗಳು ಇರಲಿಲ್ಲ. ಈ ಬಗೆಯ ವ್ಯಾಪಾರವನ್ನು 2023ರ ಜುಲೈನಲ್ಲೇ, 101 ಗೆಲುವಿನ ದಾರಿಯಲ್ಲಿದ್ದಾಗಲೇ, ದೊಡ್ಡ ಪಿಚರ್ ಒಬ್ಬರಿಗಾಗಿ ಮಾಡಬೇಕಿತ್ತು ಎನ್ನುವುದು ನಮ್ಮ ಅಭಿಪ್ರಾಯ. ನಿಜವಾದ ತಪ್ಪು ಕೊಟ್ಟದ್ದರಲ್ಲಿಲ್ಲ, ತಡಮಾಡಿದ್ದರಲ್ಲಿದೆ.

ಎಡಗಡೆಯ ಗೋಡೆಯನ್ನು ಹಿಂದಕ್ಕೆ ಹಾಕಿದರು, ಮತ್ತೆ ಮುಂದಕ್ಕೆ ತಂದರು. ಯಾಕೆ?
— ಓದುಗರು, ಬೆಂಗಳೂರು

ತಂಡದ ಸ್ವಂತ ಮೈದಾನ ಕ್ಯಾಮ್ಡನ್ ಯಾರ್ಡ್ಸ್‌ನಲ್ಲಿ ಹೋಂ ರನ್ ಸಿಕ್ಕಾಪಟ್ಟೆ ಹೋಗುತ್ತಿದ್ದವು, ಪಿಚರ್‌ಗಳು ಅಲ್ಲಿಗೆ ಬರಲು ಒಪ್ಪುತ್ತಿರಲಿಲ್ಲ. 2022ಕ್ಕೆ ಗೋಡೆಯನ್ನು ಕೆಲವೆಡೆ ಸುಮಾರು 26 ಅಡಿ ಹಿಂದಕ್ಕೆ ಸರಿಸಿ, ಏಳು ಅಡಿ ಚಿಲ್ಲರೆ ಇದ್ದ ಎತ್ತರವನ್ನು 13ಕ್ಕೆ ಏರಿಸಿದರು. ಪಿಚರ್‌ಗಳಿಗೆ ಅನುಕೂಲವಾಯಿತು, ಬಲಗೈ ಬ್ಯಾಟ್ಸ್‌ಮನ್‌ಗಳ ಒಳ್ಳೆ ಹೊಡೆತಗಳು ಕ್ಯಾಚ್ ಆಗತೊಡಗಿದವು. ಹೊರಗಿನ ಬಲಗೈ ಹೊಡೆತಗಾರರೂ ಹಿಂಜರಿದರು. 2025ಕ್ಕೆ ಅದನ್ನು ಭಾಗಶಃ ಮುಂದಕ್ಕೆ ತಂದು ಎತ್ತರವನ್ನೂ ಇಳಿಸಿದರು.

ರಶ್‌ಮನ್ ಮತ್ತೆ ಹಳೆಯ ರಶ್‌ಮನ್ ಆಗುತ್ತಾರಾ? ಹೆಂಡರ್ಸನ್ ಉಳಿಯುತ್ತಾರಾ? 2026ರಲ್ಲಿ ಏನನ್ನು ನೋಡಬೇಕು?
— ಓದುಗರು, ಮಂಗಳೂರು

ರಶ್‌ಮನ್ ಅವರ ಸರಾಸರಿ 2023ರಲ್ಲಿ .277, ಮರುವರ್ಷ .250, 2025ರಲ್ಲಿ .220. ಕ್ಯಾಚರ್ ಕೆಲಸವೇ ಮೈ ಹಿಂಡುವಂಥದ್ದು: ಪಂದ್ಯಕ್ಕೆ ನೂರೈವತ್ತರ ಹತ್ತಿರ ಚೆಂಡಿಗೆ ಕುಕ್ಕರಗಾಲಲ್ಲಿ ಕೂತು ಏಳಬೇಕು. 2025ರಲ್ಲಿ ಪಕ್ಕೆಯ ಸ್ನಾಯು ಒಮ್ಮೆ ಒಂದು ಕಡೆ, ಒಮ್ಮೆ ಇನ್ನೊಂದು ಕಡೆ ಹಿಡಿದು 90 ಪಂದ್ಯವಷ್ಟೇ ಆಡಿದರು. ಈಗ 21ರ ಸ್ಯಾಮುಯೆಲ್ ಬಸಾಯೊ ಇದ್ದಾರೆ, 8 ವರ್ಷಕ್ಕೆ 6.7 ಕೋಟಿ ಡಾಲರ್ ಕರಾರಿನೊಂದಿಗೆ. ವಾರಕ್ಕೆ ಎರಡು ದಿನ ಬಸಾಯೊ ಕ್ಯಾಚರ್ ಆಗಿ ಕೂತರೆ ರಶ್‌ಮನ್ ಕಾಲು ಉಳಿಯುತ್ತದೆ. ಆಗ ಬ್ಯಾಟು ಮರಳಬಹುದೆಂಬುದು ನಮ್ಮ ನಂಬಿಕೆ.

ಉಳಿಯುವ ಪ್ರಶ್ನೆ ಕಷ್ಟದ್ದು. ರಶ್‌ಮನ್ 2027ರ ನಂತರ, ಹೆಂಡರ್ಸನ್ 2028ರ ನಂತರ ಸ್ವತಂತ್ರರು. ಎಲಾಯಸ್ ಕಾಲದಲ್ಲಿ ಎಳೆಯರಿಗೆ ಕೊಟ್ಟ ಮೊದಲ ದೀರ್ಘ ಕರಾರೇ ಬಸಾಯೊದ್ದು. ಹೆಂಡರ್ಸನ್‌ಗೆ 2023ರಲ್ಲೇ ದುಡ್ಡು ಮುಂದಿಟ್ಟು ಗಟ್ಟಿಯಾಗಿ ಕೇಳಬೇಕಿತ್ತು. 2024ರಲ್ಲಿ 37 ಹೋಂ ರನ್ ಹೊಡೆದ ಮೇಲೆ ಬೆಲೆ ಏರದೆ ಇರುತ್ತದೆಯೇ? ಆದರೂ ಈ ಚಳಿಗಾಲ ಗಂಟು ಬಿಚ್ಚಿದ್ದಾರೆ. ಪೀಟ್ ಅಲೊನ್ಸೊಗೆ 5 ವರ್ಷಕ್ಕೆ 15.5 ಕೋಟಿ, ಕೊನೆಯ ಇನಿಂಗ್ಸಿಗೆ ರಯಾನ್ ಹೆಲ್ಸ್‌ಲಿ, ರೊಡ್ರಿಗಸ್‌ರನ್ನು ಏಂಜಲ್ಸ್‌ಗೆ ಕೊಟ್ಟು ಟೇಲರ್ ವಾರ್ಡ್. ಹೊಸ ಮ್ಯಾನೇಜರ್ ಕ್ರೇಗ್ ಅಲ್ಬರ್ನಾಜ್.

ನೋಡಬೇಕಾದದ್ದು ಮೊದಲಿಗೆ ಬ್ರಾಡಿಶ್ ಮತ್ತು ರಾಜರ್ಸ್ ಪ್ರತಿ ಐದನೇ ಅಥವಾ ಆರನೇ ದಿನ ತಪ್ಪದೆ ಎಸೆಯುತ್ತಾರಾ ಎಂಬುದು. ಬ್ರಾಡಿಶ್ ಶಸ್ತ್ರಚಿಕಿತ್ಸೆಯ ನಂತರ 2025ರಲ್ಲಿ ಆರೇ ಪಂದ್ಯ ಆರಂಭಿಸಿದ್ದು, ಹಾಗಾಗಿ ಐದನೇ ಇನಿಂಗ್ಸಿಗೇ ಅವರನ್ನು ತೆಗೆದರೆ ಬೈಯಬೇಡಿ, ಕೈ ಕಾಪಾಡುತ್ತಿದ್ದಾರೆ. ಆರಂಭದ ಪಿಚರ್‌ಗಳು ವಾರಕ್ಕೆ ಮೂರು ಸಲ ನಾಲ್ಕನೇ ಇನಿಂಗ್ಸ್ ದಾಟದೆ ಹೋದರೆ ಮಾತ್ರ ಚಿಂತೆ: ಆ ಹೊರೆಯೆಲ್ಲ ಬುಲ್‌ಪೆನ್ (ನಡುವೆ ಬಂದು ಎಸೆಯುವ ಪಿಚರ್‌ಗಳ ಗುಂಪು) ಮೇಲೆ ಬಿದ್ದು ಜೂನ್ ಹೊತ್ತಿಗೆ ಅದು ಸೋಲುತ್ತದೆ. ಆಮೇಲೆ ಹಾಲಿಡೇ ಸ್ಟ್ರೈಕ್‌ಔಟ್, ರಶ್‌ಮನ್ ವಾಕ್. ಮೇ ಕೊನೆಗೆ ರನ್ ವ್ಯತ್ಯಾಸ.

ಊರಿನಿಂದ ನೋಡುವವರಿಗೆ ಸಮಯ: ಅಲ್ಲಿ ಸಂಜೆ 6.35ರ ಪಂದ್ಯ ನಮಗೆ ಮರುದಿನ ಬೆಳಗಿನ ಜಾವ 4.05. ಭಾನುವಾರ ಮಧ್ಯಾಹ್ನ 1.35ರದ್ದು ಅದೇ ರಾತ್ರಿ 11.05. ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಹಿಂದಕ್ಕೆ ತಿರುಗಿಸುವವರೆಗೂ ಈ ಒಂಬತ್ತೂವರೆ ಗಂಟೆಯ ಲೆಕ್ಕವೇ ನಡೆಯುತ್ತದೆ.